ಕುದುರೆಯ ನರಮಂಡಲದ ಪರೀಕ್ಷೆ: ಲಾಯದ ಅಂಗಳದಲ್ಲಿಯೇ ಮಾಡಬಹುದಾದ ಕ್ರಮ

ವಿಜಯಪುರದ ಟಾಂಗಾ ಕುದುರೆಯಾಗಲಿ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಜಾತ್ರೆಗಳಲ್ಲಿ ಗಾಡಿ ಶರ್ಯತ್ತಿಗೆ ಇಳಿಯುವ ಕುದುರೆಯಾಗಲಿ, ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ ಪ್ರತಿ ವರ್ಷ ಮಹಾರಾಷ್ಟ್ರದ ಆಳಂದಿಯ ಪಾಲಖಿಗೆ (ಸಂತ ಜ್ಞಾನೇಶ್ವರರ ಪಲ್ಲಕ್ಕಿ ಯಾತ್ರೆಗೆ) ನಡೆದು ಹೋಗುವ ಕುದುರೆಯಾಗಲಿ, ಹಿಂದಿನ ಭಾಗ ತೂರಾಡತೊಡಗಿತೆಂದರೆ ಮಾಲೀಕರು ಹೇಳುವ ಮಾತು ಬಹುತೇಕ ಒಂದೇ: "ಸ್ವಂಟ ಹಿಡದೈತ್ರಿ, ಸಾಹೇಬ್ರ." ಆ ಮಾತಿನಲ್ಲಿ ಬೆನ್ನುಹುರಿಗೆ ಬಿದ್ದ ಪೆಟ್ಟು, ರಕ್ತದಲ್ಲಿ ಬೆಳೆಯುವ ಪರೋಪಜೀವಿಯಿಂದ ಬರುವ ಸರ್ರಾ ರೋಗ, ಬೆನ್ನುಹುರಿ ಸೇರಿದ ಹುಳು, ರೇಬೀಸ್, ಕೊನೆಗೆ ಬರಿಯ ಗೊರಸಿನ ನೋವು ಕೂಡ ಅಡಗಿರಬಹುದು. ಇವುಗಳಲ್ಲಿ ಕೆಲವು ಗುಣವಾಗುತ್ತವೆ, ಕೆಲವು ಆಗುವುದಿಲ್ಲ, ಒಂದಂತೂ ಪರೀಕ್ಷಿಸುವವರ ಪ್ರಾಣವನ್ನೇ ತೆಗೆಯಬಲ್ಲದು. ಹೀಗಿದ್ದರೂ ನೋವಿನ ಸೂಜಿಯನ್ನೋ ಸ್ಟೀರಾಯ್ಡನ್ನೋ ಮೊದಲು ಚುಚ್ಚಿ, ಪರೀಕ್ಷೆಯನ್ನು ಆಮೇಲೆ ನೋಡಿಕೊಳ್ಳುವ ಅಭ್ಯಾಸ ನಮ್ಮ ಭಾಗದಲ್ಲಿ ಇನ್ನೂ ಹೋಗಿಲ್ಲ. ಈ ಬರಹ ಅದಕ್ಕೆ ವಿರುದ್ಧವಾದುದು. ರೋಗ ಯಾವುದು ಎಂಬುದಕ್ಕಿಂತ ಮೊದಲು ನರಮಂಡಲದಲ್ಲಿ ತೊಂದರೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು, ಆ ಉತ್ತರವನ್ನು ಕೈ, ಕಣ್ಣು, ಒಂದು ಟಾರ್ಚು ಮತ್ತು ಒಂದು ಪೆನ್ನಿನಿಂದಲೇ ಬಹುಪಾಲು ಪಡೆಯಬಹುದು ಎಂಬುದು ಇದರ ನಿಲುವು.

ಇದನ್ನು ಮುಖ್ಯವಾಗಿ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರಿಗಾಗಿ ಬರೆದಿದ್ದೇನೆ. ಹಸು, ಎಮ್ಮೆ, ಕುರಿಗಳನ್ನು ದಿನವೂ ನೋಡುವ ಅವರ ಕೈಗೆ ಕುದುರೆ ಅಪರೂಪಕ್ಕೆ ಸಿಗುತ್ತದೆ. ಕುದುರೆ ಸಾಕುವವರು ಓದಿದರೂ ಉಪಯೋಗವಿದೆ. ಏಕೆಂದರೆ ದೂರದಿಂದ ನೋಡಿ ಗುರುತಿಸುವ ಭಾಗವನ್ನು ಅವರಷ್ಟು ಚೆನ್ನಾಗಿ ಮತ್ತಾರೂ ಮಾಡಲಾರರು.

ಮೊದಲು ನಿಮ್ಮ ಸುರಕ್ಷತೆ

ನಡವಳಿಕೆ ಬದಲಾದ, ನುಂಗಲಾರದ, ತೂರಾಡುವ ಪ್ರತಿಯೊಂದು ಕುದುರೆಯನ್ನೂ, ಬೇರೆ ಕಾರಣ ಖಚಿತವಾಗುವವರೆಗೆ, ರೇಬೀಸ್ ಇರಬಹುದಾದ ಕುದುರೆಯೆಂದೇ ನೋಡಬೇಕು. ಕುದುರೆಯಲ್ಲಿ ಈ ರೋಗ ನಾಯಿಯಲ್ಲಿ ಕಾಣುವಂತೆ ಸದಾ ಹುಚ್ಚಾಟವಾಗಿ ಬರುವುದಿಲ್ಲ. ಹೊಟ್ಟೆನೋವಿನಂತೆ, ಒಂದು ಕಾಲಿನ ಕುಂಟಿನಂತೆ, ಅಥವಾ ಹಿಂಗಾಲಿನಿಂದ ಮೇಲೇರುವ ಪಾರ್ಶ್ವವಾಯುವಿನಂತೆ ಅದು ಶುರುವಾಗಬಹುದು. ಲಕ್ಷಣ ಕಾಣಿಸಿದ ಮೇಲೆ ಸಾಮಾನ್ಯವಾಗಿ 10 ದಿನಗಳೊಳಗೆ ಸಾವು ಬರುತ್ತದೆ. ಆದ್ದರಿಂದ ಕೈಗವಸು ಧರಿಸದೆ ಕುದುರೆಯ ಬಾಯಿಯ ಬಳಿ ಹೋಗಬೇಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಮಾಲೀಕರು ಕೈಹಾಕಲು ಹೊರಟರೆ ತಡೆಯಿರಿ. ಜೊಲ್ಲು ಗಾಯಕ್ಕೆ ಅಥವಾ ಕಣ್ಣಿಗೆ ತಗುಲಿದ್ದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ, ಕಣ್ಣನ್ನು ಬರೀ ನೀರಿನಿಂದ, 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಕುದುರೆಗೆ ಆಹಾರ ತಿನ್ನಿಸಿದವರು, ಲಗಾಮು ಹಾಕಿದವರು, ಮೈ ತಿಕ್ಕಿದವರು ಯಾರೆಂದು ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಮನೆಯ ಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಎರಡನೆಯ ಅಪಾಯ ಕುದುರೆಯ ತೂಕ. ತೂರಾಡುವ ಕುದುರೆ ನಿಮ್ಮ ಮೇಲೆಯೇ ಬೀಳಬಹುದು. ಗೋಡೆಗೂ ಕುದುರೆಗೂ ನಡುವೆ ಎಂದೂ ನಿಲ್ಲಬಾರದು. ಹಗ್ಗ ಹಿಡಿದವರು ಅದನ್ನು ಕೈಗೆ ಸುತ್ತಿಕೊಳ್ಳಬಾರದು. ಪರೀಕ್ಷೆಗೆ ಮುನ್ನ ಕ್ಸೈಲಜೀನ್ ಮುಂತಾದ ಮಂಪರು ಔಷಧ ಕೊಡಲೇಬಾರದು. ಕೊಟ್ಟರೆ ಆರೋಗ್ಯವಂತ ಕುದುರೆಯೂ ತೂರಾಡುತ್ತದೆ, ಆಗ ಮುಂದಿನ ಯಾವ ಪರೀಕ್ಷೆಗೂ ಅರ್ಥವಿರುವುದಿಲ್ಲ.

ವಿಚಾರಣೆ

ವಯಸ್ಸು, ತಳಿ, ಕೆಲಸ, ತೊಂದರೆ ಎಂದು ಶುರುವಾಯಿತು, ಏರುತ್ತಿದೆಯೋ ನಿಂತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕೇಳಿದ ಮೇಲೆ ನಮ್ಮ ಭಾಗಕ್ಕೆ ತಕ್ಕ ಕೆಲವು ಪ್ರಶ್ನೆಗಳನ್ನು ಮರೆಯದೆ ಕೇಳಬೇಕು.

ಮೇವಿನಲ್ಲಿ ಗೋವಿನಜೋಳ ಇದೆಯೇ, ಇದ್ದರೆ ಅದು ಬೂಷ್ಟು ಹಿಡಿದಿತ್ತೇ ಎಂಬುದು ಮೊದಲ ಪ್ರಶ್ನೆ. ಗೋವಿನಜೋಳದಲ್ಲಿ ಬೆಳೆಯುವ ಫ್ಯುಸೇರಿಯಮ್ ಶಿಲೀಂಧ್ರ ಉತ್ಪಾದಿಸುವ ಫ್ಯುಮೊನಿಸಿನ್ ಎಂಬ ವಿಷ ಕುದುರೆಯ ಮೆದುಳಿನ ಬಿಳಿಯ ಭಾಗವನ್ನು ಕರಗಿಸುತ್ತದೆ. ಬೇರೆ ಸಾಕುಪ್ರಾಣಿಗಳಿಗಿಂತ ಕುದುರೆಗೆ ಇದರಿಂದ ಹೆಚ್ಚು ಹಾನಿ. ಅದೇ ಕಾಳನ್ನು ತಿಂದ ಎಮ್ಮೆ ಚೆನ್ನಾಗಿದೆ ಎಂಬ ಮಾಲೀಕರ ಸಮಾಧಾನವನ್ನು ಒಪ್ಪಿಕೊಳ್ಳಬಾರದು. ಘಟಪ್ರಭೆ, ಮಲಪ್ರಭೆಗಳ ನೀರಾವರಿ ಪ್ರದೇಶದಲ್ಲಿ ಮಳೆಗೆ ಸಿಕ್ಕಿದ ತೆನೆಗಳು ಮಾರಾಟಕ್ಕೆ ಬಾರದೆ ದನಕರುಗಳ ಬುಟ್ಟಿಗೆ ಬೀಳುವ ಕಾಲದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚು ಬೆಲೆಯಿದೆ.

ಕುದುರೆಯನ್ನು ದನ, ಎಮ್ಮೆಗಳ ಪಕ್ಕದಲ್ಲಿ ಕಟ್ಟುತ್ತಾರೆಯೇ ಎಂಬುದು ಎರಡನೆಯದು. ದನಗಳ ಹೊಟ್ಟೆಯ ಪೊರೆಯಲ್ಲಿ ಹೆಚ್ಚು ತೊಂದರೆ ಕೊಡದೆ ಬದುಕುವ ಸೆಟೇರಿಯಾ ಹುಳುವಿನ ಮರಿಗಳನ್ನು ಸೊಳ್ಳೆಗಳು ಕುದುರೆಗೆ ದಾಟಿಸುತ್ತವೆ. ತಮ್ಮದಲ್ಲದ ದೇಹದಲ್ಲಿ ದಾರಿ ತಪ್ಪಿ ಅಲೆಯುವ ಮರಿಗಳು ಬೆನ್ನುಹುರಿಯನ್ನೋ ಮೆದುಳನ್ನೋ ಕೊರೆಯುತ್ತವೆ. ಉತ್ತರ ಭಾರತದ ಕುದುರೆಯವರು ಕುಮ್ರಿ ಎಂದು ಕರೆಯುವ, ಹಿಂಭಾಗ ಕುಸಿಯುವ ರೋಗಕ್ಕೆ ಇದೇ ಕಾರಣ. ಜ್ವರ ಬಂದು ಹೋಗುತ್ತಿದೆಯೇ, ಹೊಟ್ಟೆಯ ಕೆಳಭಾಗದಲ್ಲಿ ಅಥವಾ ಕಾಲುಗಳಲ್ಲಿ ಬಾವು ಬಂದಿದೆಯೇ, ಚೆನ್ನಾಗಿ ತಿಂದರೂ ಮೈ ಇಳಿಯುತ್ತಿದೆಯೇ ಎಂದೂ ಕೇಳಬೇಕು. ಕಚ್ಚುವ ದೊಡ್ಡ ನೊಣಗಳು ಹರಡುವ ಸರ್ರಾ ರೋಗದಲ್ಲಿ ಹಿಂಗಾಲಿನ ತೂರಾಟ ಸಾಮಾನ್ಯ.

ಉಳಿದವು ಚಿಕ್ಕ ಪ್ರಶ್ನೆಗಳು: ನಾಯಿ ಕಚ್ಚಿತ್ತೇ, ಗೊರಸಿಗೆ ಮೊಳೆ ಚುಚ್ಚಿತ್ತೇ, ಧನುರ್ವಾಯುವಿನ ಲಸಿಕೆ ಆಗಿದೆಯೇ, ಗಾಡಿಯ ಸಮೇತ ಬಿದ್ದಿತ್ತೇ, ಇತ್ತೀಚೆಗೆ ಕುತ್ತಿಗೆಗೆ ಅಥವಾ ಪಿರ್ರೆಗೆ ಯಾರಾದರೂ ಸೂಜಿ ಹಾಕಿದ್ದರೇ, ಲಾಯದ ಬೇರೆ ಕುದುರೆಗಳಿಗೆ ಜ್ವರ ಅಥವಾ ಗರ್ಭಪಾತ ಆಗಿದೆಯೇ.

ನರಗಳ ಪರೀಕ್ಷೆಗೆ ಮುನ್ನ ಉಷ್ಣಾಂಶ, ನಾಡಿ, ಉಸಿರು ನೋಡುವುದು ಎಲ್ಲರಿಗೂ ಗೊತ್ತಿರುವುದೇ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಉಷ್ಣಾಂಶ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಏಪ್ರಿಲ್, ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ದುಡಿದು ಬಂದ ಕುದುರೆ ಬಳಲಿಕೆಯಿಂದಲೂ ತೂರಾಡಬಹುದು. ಅಂಥದನ್ನು ನೆರಳಿಗೆ ತಂದು ನೀರು ಸುರಿದು ತಂಪು ಮಾಡಿ, ಚೇತರಿಸಿಕೊಂಡ ಮೇಲೆ ಮತ್ತೆ ನೋಡಬೇಕು.

ದೂರದಿಂದ ನೋಟ

ಹತ್ತು ಹೆಜ್ಜೆ ದೂರ ನಿಂತು ಸುಮ್ಮನೆ ನೋಡಿ. ಇದಕ್ಕೆ ಟಾಂಗಾ ನಿಲ್ದಾಣ ಸರಿಯಾದ ಜಾಗವಲ್ಲ; ವಾಹನಗಳ ಸದ್ದು ಮತ್ತು ಬೇರೆ ಕುದುರೆಗಳ ನಡುವೆ ಕುದುರೆಯ ಮನಸ್ಥಿತಿ ತಿಳಿಯುವುದಿಲ್ಲ. ಅದರ ಸ್ವಂತ ಲಾಯದಲ್ಲಿ, ಅದಕ್ಕೆ ಪರಿಚಯದ ಮನುಷ್ಯ ಹತ್ತಿರವಿರುವಾಗ ನೋಡಬೇಕು. ಕರೆದರೆ ಕಿವಿ ತಿರುಗಿಸುತ್ತದೆಯೇ? ಕಡಲೆ ತುಂಬಿದ ಡಬ್ಬಿಯ ಸದ್ದಿಗೆ ತಲೆಯೆತ್ತುತ್ತದೆಯೇ? ಗೋಡೆಗೆ ಹಣೆಯೊತ್ತಿ ನಿಲ್ಲುವುದು, ಒಂದೇ ಕಡೆಗೆ ಸುತ್ತುವುದು, ಮೇಲಿಂದ ಮೇಲೆ ಆಕಳಿಸುವುದು, ಬಾಯಲ್ಲಿ ಮೇವಿಟ್ಟುಕೊಂಡು ಅಗಿಯುವುದನ್ನು ಮರೆತು ನಿಲ್ಲುವುದು, ಗುರುತಿನವರನ್ನು ಗುರುತಿಸದಿರುವುದು ಇವೆಲ್ಲ ಮುಮ್ಮೆದುಳಿನ ಕಡೆಗೆ ಬೆರಳು ತೋರಿಸುತ್ತವೆ. ಕತ್ತು ಒಂದು ಬದಿಗೆ ವಾಲಿ, ಒಂದು ಕಿವಿ ಇನ್ನೊಂದಕ್ಕಿಂತ ಕೆಳಗಿದ್ದರೆ ಒಳಕಿವಿಯ ಸಮತೋಲನದ ವ್ಯವಸ್ಥೆ ಕೆಟ್ಟಿರಬಹುದು.

ಧನುರ್ವಾಯುವನ್ನು ಈ ಹಂತದಲ್ಲಿಯೇ ಗುರುತಿಸಬಹುದು. ಕಿವಿಗಳು ನೆಟ್ಟಗೆ ಬಿಗಿದಿರುತ್ತವೆ, ಬಾಲ ಮೇಲೆದ್ದಿರುತ್ತದೆ, ನಾಲ್ಕೂ ಕಾಲು ಅಗಲಿಸಿ ಮರದ ಕುದುರೆಯಂತೆ ನಿಂತಿರುತ್ತದೆ. ಗಲ್ಲವನ್ನು ಮೆಲ್ಲಗೆ ಮೇಲೆತ್ತಿದರೆ ಅಥವಾ ಹಣೆಯನ್ನು ಬೆರಳಿನಿಂದ ತಟ್ಟಿದರೆ ಮೂರನೆಯ ರೆಪ್ಪೆ ಥಟ್ಟನೆ ಕಣ್ಣಿನ ಮೇಲೆ ಹಾಯುತ್ತದೆ. ಇದು ಕಂಡರೆ ಉಳಿದ ಪರೀಕ್ಷೆ ನಿಲ್ಲಿಸಿ, ಕತ್ತಲೆಯ ನಿಶ್ಶಬ್ದ ಜಾಗಕ್ಕೆ ಒಯ್ದು ಚಿಕಿತ್ಸೆ ಶುರುಮಾಡಬೇಕು. ಪ್ರತಿಯೊಂದು ಸ್ಪರ್ಶವೂ ಅದಕ್ಕೆ ಸೆಟೆತವನ್ನು ಹೆಚ್ಚಿಸುತ್ತದೆ.

ತಲೆ

ತಲೆಯ ನರಗಳನ್ನು ಸಂಖ್ಯೆಯ ಕ್ರಮದಲ್ಲಿ ಪರೀಕ್ಷಿಸುವುದಕ್ಕಿಂತ ಕಣ್ಣು, ಮುಖ, ಬಾಯಿ, ಗಂಟಲು ಎಂಬ ಜಾಗದ ಕ್ರಮ ಸುಲಭ. ಪ್ರತಿಯೊಂದನ್ನೂ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನೋಡಿ ಹೋಲಿಸಬೇಕು.

ಕಣ್ಣಿನ ಕಡೆಗೆ ಅಂಗೈಯನ್ನು ಥಟ್ಟನೆ ತಂದಾಗ ಕುದುರೆ ರೆಪ್ಪೆ ಬಡಿಯಬೇಕು ಅಥವಾ ತಲೆ ಹಿಂದೆಳೆಯಬೇಕು. ಕೈಯಿಂದ ಗಾಳಿ ಬೀಸಿದರೆ ಅಥವಾ ಮೀಸೆ ಕೂದಲಿಗೆ ತಾಗಿದರೆ ಕುರುಡು ಕುದುರೆಯೂ ರೆಪ್ಪೆ ಬಡಿಯುತ್ತದೆ. ಆದ್ದರಿಂದ ಬೆರಳುಗಳನ್ನು ಅಗಲಿಸಿ, ಸ್ವಲ್ಪ ದೂರದಲ್ಲಿಯೇ ನಿಲ್ಲಿಸಬೇಕು. ಹುಟ್ಟಿ ಎರಡು ವಾರವಾಗದ ಮರಿಯಲ್ಲಿ ಈ ಪ್ರತಿಕ್ರಿಯೆ ಇಲ್ಲದಿರುವುದು ಸಹಜ. ದೊಡ್ಡ ಕುದುರೆ ಅಡೆತಡೆಗಳನ್ನು ತಪ್ಪಿಸಿ ನಡೆಯುತ್ತಿದ್ದೂ ಈ ಪ್ರತಿಕ್ರಿಯೆ ತೋರದಿದ್ದರೆ ಕಿರುಮೆದುಳಿನ ತೊಂದರೆಯನ್ನು ಸಂಶಯಿಸಬೇಕು. ಮುಖದ ನರ ಸೋತಿದ್ದರೂ ರೆಪ್ಪೆ ಬಡಿಯದು, ಆದರೆ ತಲೆಯನ್ನು ಮಾತ್ರ ಎಳೆದುಕೊಳ್ಳುತ್ತದೆ.

ಕಣ್ಣಪಾಪೆಯ ಪರೀಕ್ಷೆಯನ್ನು ನೆರಳಿನಲ್ಲಿ ಮಾಡಬೇಕು. ನಡುಹಗಲಿನ ಅಂಗಳದಲ್ಲಿ ಪಾಪೆ ಆಗಲೇ ಕುಗ್ಗಿರುತ್ತದೆ. ಟಾರ್ಚು ಪ್ರಖರವಾಗಿರಲಿ. ಕುದುರೆಯ ಪಾಪೆ ನಾಯಿಯದಕ್ಕಿಂತ ನಿಧಾನವಾಗಿ ಕುಗ್ಗುವುದರಿಂದ ಕೆಲವು ಕ್ಷಣ ಕಾಯಬೇಕು. ಪಾಪೆ ಬೆಳಕಿಗೆ ಕುಗ್ಗುತ್ತದೆ, ಆದರೆ ಕುದುರೆಗೆ ಕಾಣುತ್ತಿಲ್ಲ ಎಂದಾದರೆ ತೊಂದರೆ ಕಣ್ಣಿನಲ್ಲಿಲ್ಲ, ಮೆದುಳಿನಲ್ಲಿದೆ. ಗೋವಿನಜೋಳದ ವಿಷಬಾಧೆಯಲ್ಲಿ ಹೀಗೆ ಕಾಣಬಹುದು. ತಲೆ ಅಲುಗದೆ ಇರುವಾಗಲೂ ಕಣ್ಣುಗುಡ್ಡೆ ತಾನಾಗಿ ಓಲಾಡುತ್ತಿದ್ದರೆ ಅದು ಅಸಹಜ. ಒಳಕಿವಿಯ ತೊಂದರೆಯಲ್ಲಿ ಈ ಓಲಾಟದ ವೇಗದ ಎಳೆತ ಆರೋಗ್ಯವಾದ ಬದಿಗೆ, ತಲೆಯ ವಾಲಿಕೆ ರೋಗದ ಬದಿಗೆ ಇರುತ್ತದೆ. ಓಲಾಟ ಮೇಲೆ ಕೆಳಗೆ ಆಗುತ್ತಿದ್ದರೆ ಅಥವಾ ತಲೆಯ ಭಂಗಿ ಬದಲಿಸಿದಾಗ ದಿಕ್ಕು ಬದಲಿಸಿದರೆ ಮೆದುಳಕಾಂಡವನ್ನು (ಮೆದುಳು ಬೆನ್ನುಹುರಿಗೆ ಸೇರುವ ಬುಡವನ್ನು) ಸಂಶಯಿಸಬೇಕು.

ಮುಖದ ಚಲನೆಯ ನರದಲ್ಲಿ ಕಲಿಯುವುದು ಬಹಳವಿದೆ. ಕಿವಿ ಜೋತಿದೆಯೇ, ಮೇಲಿನ ರೆಪ್ಪೆ ಇಳಿದಿದೆಯೇ, ಮೂತಿ ಒಂದು ಬದಿಗೆ ಸೊಟ್ಟಗಾಗಿದೆಯೇ ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೂತಿ ಆರೋಗ್ಯವಾದ ಬದಿಗೆ ಎಳೆದುಕೊಳ್ಳುತ್ತದೆ, ರೋಗದ ಬದಿಗೆ ಅಲ್ಲ. ಮೊದಲ ನೋಟಕ್ಕೆ ತಿರುವುಮುರುವಾಗಿ ಕಾಣುವುದರಿಂದ ವರದಿಯಲ್ಲಿ ಎಡಬಲ ತಪ್ಪುವುದು ಇಲ್ಲಿಯೇ. ಮೂತಿ ಮಾತ್ರ ಸೊಟ್ಟಗಾಗಿ ಕಿವಿ, ರೆಪ್ಪೆ ಸರಿಯಿದ್ದರೆ ಪೆಟ್ಟು ಕೆನ್ನೆಯ ಮೇಲೆ ಆಗಿದೆ. ಕುದುರೆಯನ್ನು ಮಲಗಿಸಿ ಚಿಕಿತ್ಸೆ ಮಾಡಿದಾಗ ಮುಖಪಟ್ಟಿಯ ಕಬ್ಬಿಣದ ಬಳೆ ಕೆನ್ನೆಯನ್ನು ಒತ್ತಿ ಈ ನರವನ್ನು ಸಾಯಿಸುವುದುಂಟು. ಮಲಗಿಸುವ ಮುನ್ನ ಬಳೆ, ಬಕ್ಕಲ್ ಇರುವ ಪಟ್ಟಿಯನ್ನು ಬಿಚ್ಚಿದರೆ ಇದನ್ನು ಪೂರ್ತಿ ತಪ್ಪಿಸಬಹುದು. ಮೂರೂ ಸೋತಿದ್ದರೆ ಪೆಟ್ಟು ಇನ್ನೂ ಮೂಲದಲ್ಲಿದೆ, ಅದರ ಜೊತೆ ತಲೆಯೂ ವಾಲಿದ್ದರೆ ನಡುಕಿವಿ ಮತ್ತು ಗಂಟಲಚೀಲದ (ಕಿವಿಯಿಂದ ಗಂಟಲಿಗೆ ಬರುವ ನಾಳದ ಗಾಳಿಚೀಲದ) ಭಾಗವನ್ನು ನೋಡಬೇಕು. ರೆಪ್ಪೆ ಮುಚ್ಚಲಾರದ ಕಣ್ಣು ಒಣಗಿ ಹುಣ್ಣಾಗುವುದರಿಂದ ಕಾರಣ ಸಿಗುವವರೆಗೆ ಕಾಯದೆ ಅದಕ್ಕೆ ಮುಲಾಮು ಹಚ್ಚಲು ಹೇಳಬೇಕು.

ಮುಖದ ಸ್ಪರ್ಶವನ್ನು ಪೆನ್ನಿನ ತುದಿಯಿಂದ ಕಿವಿಯ ಒಳಗೆ, ಕಣ್ಣಿನ ಮೂಲೆಯಲ್ಲಿ, ಹೊಳ್ಳೆಯ ಒಳಗೆ ಮೆಲ್ಲಗೆ ಮುಟ್ಟಿ ನೋಡಬೇಕು. ದವಡೆಯ ಸ್ನಾಯುಗಳು ಎರಡೂ ಬದಿ ಸಮನಾಗಿವೆಯೇ ಎಂದು ಕೈಯಾಡಿಸಬೇಕು.

ಮುಖ ಮತ್ತು ಕುತ್ತಿಗೆಯ ಒಂದೇ ಬದಿ ಬೆವರುವುದು, ಅದೇ ಬದಿಯ ಮೇಲಿನ ರೆಪ್ಪೆ ತುಸು ಇಳಿದಿರುವುದು ಹಾರ್ನರ್ ಲಕ್ಷಣ. ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಸೂಜಿ ದಾರಿ ತಪ್ಪಿ ಪಕ್ಕದ ನರಕ್ಕೆ ತಾಗಿದಾಗ ಇದು ಬರುತ್ತದೆ. ಎಷ್ಟೋ ಸಲ ತಾನಾಗಿ ಹೋಗುತ್ತದೆ. ಕುದುರೆಯನ್ನು ಗಾಡಿಗೆ ಹೂಡುವ ಮುನ್ನ, ಬೆಳಗಿನ ತಂಪಿನಲ್ಲಿ ಇದನ್ನು ನೋಡಬೇಕು. ಮೈಯೆಲ್ಲ ಬೆವತ ಮೇಲೆ ಈ ಗುರುತು ಸಿಗುವುದಿಲ್ಲ.

ನುಂಗುವುದನ್ನು ಬಕೆಟ್ಟಿನಲ್ಲಿ ನೀರಿಟ್ಟು, ಒಂದು ಹಿಡಿ ಮೆತ್ತನೆಯ ಹುಲ್ಲು ಕೊಟ್ಟು ದೂರದಿಂದಲೇ ನೋಡಬೇಕು. ನೀರು, ಮೇವು ಮೂಗಿನಿಂದ ಬಂದರೆ ಬಾಯಿಗೆ ಕೈಹಾಕುವ ಆಸೆಯನ್ನು ಅಲ್ಲಿಗೇ ಬಿಡಬೇಕು. ರೇಬೀಸಿನ ಸಂಶಯ ಚೂರೂ ಇಲ್ಲದಿದ್ದಾಗ ಮಾತ್ರ ಕೈಗವಸು ಹಾಕಿ ನಾಲಿಗೆಯನ್ನು ಬಾಯಿಯ ಬದಿಯಿಂದ ಎಳೆದು, ಅದು ಬಲವಾಗಿ ಹಿಂದೆಳೆದುಕೊಳ್ಳುತ್ತದೆಯೇ ಎಂದು ನೋಡಬಹುದು.

ಕುತ್ತಿಗೆ, ಮೈ, ಬಾಲ

ಕ್ಯಾರೆಟ್ ಅಥವಾ ಬೆಲ್ಲದ ತುಣುಕು ತೋರಿಸಿ ಕುದುರೆ ತನ್ನ ಮೂತಿಯನ್ನು ಎರಡೂ ಪಕ್ಕೆಗಳವರೆಗೆ ತರುವಂತೆ ಮಾಡಬೇಕು. ಒಂದು ಬದಿಗೆ ಮಾತ್ರ ಬಾರದಿದ್ದರೆ, ಅಥವಾ ಕುತ್ತಿಗೆಯ ಬದಲು ಇಡೀ ಮೈ ತಿರುಗಿಸಿದರೆ, ಕುತ್ತಿಗೆಯ ಎಲುಬುಗಳಲ್ಲಿ ನೋವಿದೆ. ಬಲವಂತವಾಗಿ ಕುತ್ತಿಗೆ ತಿರುಗಿಸಬಾರದು; ಅಲ್ಲಿ ಎಲುಬು ಮುರಿದಿರಬಹುದು.

ಕುತ್ತಿಗೆಯ ಪಕ್ಕದಲ್ಲಿ, ರಕ್ತನಾಳದ ಹಳ್ಳಕ್ಕಿಂತ ಮೇಲೆ, ಪೆನ್ನಿನಿಂದ ತಟ್ಟಿದಾಗ ಅಲ್ಲಿನ ಚರ್ಮ ಅದುರಿ ಕಿವಿ ಮುಂದಕ್ಕೆ ಮಿಡಿಯುತ್ತದೆ. ಪಕ್ಕೆಲುಬುಗಳ ಮೇಲೆ ತಟ್ಟಿದಾಗ ನೊಣ ಕೂತಾಗ ಅದುರುವಂತೆ ಚರ್ಮ ಅದುರಬೇಕು. ಪಿರ್ರೆಯ ಕಡೆಯಿಂದ ಮುಂದಕ್ಕೆ ತಟ್ಟುತ್ತಾ ಬಂದಾಗ ಒಂದು ಗೆರೆಯಿಂದ ಹಿಂದೆ ಅದುರದೆ, ಮುಂದೆ ಮಾತ್ರ ಅದುರಿದರೆ ಬೆನ್ನುಹುರಿಗೆ ಪೆಟ್ಟು ಬಿದ್ದ ಜಾಗ ಆ ಗೆರೆಯ ಆಸುಪಾಸಿನಲ್ಲಿದೆ. ಉಪಕರಣವೇ ಬೇಡದ ಈ ಪರೀಕ್ಷೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಎಳೆಯುವ ಕುದುರೆಗಳಲ್ಲಿ ಭುಜದ ಮೇಲೆ ಕೈಯಾಡಿಸುವುದನ್ನು ಬಿಡಬಾರದು. ಅಳತೆಗೆ ಹೊಂದದ ಕುತ್ತಿಗೆಪಟ್ಟಿ ಭುಜದ ಮುಂಭಾಗವನ್ನು ಒತ್ತಿ ಅಲ್ಲಿ ಹಾಯುವ ನರವನ್ನು ಜಜ್ಜುತ್ತದೆ. ಕೆಲವು ವಾರಗಳಲ್ಲಿ ಭುಜದೆಲುಬಿನ ಮೇಲಿನ ಸ್ನಾಯು ಕರಗಿ ಎಲುಬಿನ ಏಣು ಕೈಗೆ ಚುಚ್ಚುತ್ತದೆ, ಕಾಲು ಊರಿದಾಗ ಭುಜದ ಕೀಲು ಹೊರಕ್ಕೆ ಸರಿಯುತ್ತದೆ. ಇದು ಬೆನ್ನುಹುರಿಯ ರೋಗವಲ್ಲ. ಸಜ್ಜನ್ನು ಬದಲಿಸಿ ತಿಂಗಳುಗಟ್ಟಲೆ ವಿಶ್ರಾಂತಿ ಕೊಡುವುದೇ ಚಿಕಿತ್ಸೆ. ಹಾಗೆಯೇ ಬಿದ್ದು ಎದ್ದ ಕುದುರೆಯ ಮುಂಗಾಲಿನ ಮೊಣಕೈ ಕೆಳಗಿಳಿದು, ಗೊರಸಿನ ತುದಿ ನೆಲಕ್ಕೆ ತಾಗಿ, ಆ ಕಾಲಿನ ಮೇಲೆ ಭಾರ ಹಾಕಲಾರದೆ ನಿಂತಿದ್ದರೆ ರೇಡಿಯಲ್ ನರವನ್ನು ನೋಡಬೇಕು. ಎಲುಬು ಮುರಿದಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಕೊನೆಗೆ, ಪಕ್ಕಕ್ಕೆ ನಿಂತು ಬಾಲವನ್ನೆತ್ತಿ ಅದರ ಬಿಗಿಯನ್ನು ಅಳೆದು, ಗುದದ ಪಕ್ಕದ ಚರ್ಮವನ್ನು ಪೆನ್ನಿನಿಂದ ಮುಟ್ಟಬೇಕು. ಗುದ ಮುಚ್ಚಿಕೊಂಡು ಬಾಲ ಒತ್ತಿಕೊಳ್ಳಬೇಕು. ಬಾಲ ಹಗ್ಗದಂತೆ ಜೋತಿದ್ದು, ಮೂತ್ರ ಹನಿಹನಿಯಾಗಿ ಸೋರಿ ತೊಡೆಯ ಒಳಭಾಗ ಸುಟ್ಟಂತಾಗಿದ್ದರೆ ತೊಂದರೆ ಬೆನ್ನುಹುರಿಯ ಬಾಲದ ತುದಿಯಲ್ಲಿದೆ.

ನಡಿಗೆ

ಪರೀಕ್ಷೆಯ ಹೃದಯ ಇದು. ಜಾಗದ ಆಯ್ಕೆಯಲ್ಲಿ ಆತುರ ಬೇಡ. ಹಸಿ ಎರೆಮಣ್ಣಿನಲ್ಲಿ ಎಂಥ ಕುದುರೆಯೂ ಜಾರುತ್ತದೆ, ಲಾಳ ಹೊಡೆದ ಕುದುರೆ ಡಾಂಬರಿನ ಮೇಲೆ ಜಾರುತ್ತದೆ. ಒಣಗಿದ ಗರಸಿನ ಅಂಗಳ ಉತ್ತಮ. ಇಳಿಜಾರು ಬೇಕಾದಾಗ ಕಾಲುವೆಯ ಏರಿಗೆ ಹೋಗಬಹುದು, ಆದರೆ ನೀರಿನ ಬದಿಗೆ ಬೇಡ. ಒಬ್ಬರು ಕುದುರೆ ಹಿಡಿಯಲಿ, ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲಿ, ನೀವು ಬರೀ ನೋಡಿ.

ಕುಂಟುವಿಕೆಗೂ ನರದ ತೂರಾಟಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗಿ ಮನಸ್ಸಿನಲ್ಲಿರಬೇಕು. ನೋವಿನ ಕುಂಟು ಪ್ರತಿ ಹೆಜ್ಜೆಯಲ್ಲೂ ಒಂದೇ ರೀತಿ ಮರುಕಳಿಸುತ್ತದೆ, ಮುಂದಿನ ಹೆಜ್ಜೆ ಹೇಗೆ ಬೀಳುತ್ತದೆಂದು ಮೊದಲೇ ಹೇಳಬಹುದು. ಬೆನ್ನುಹುರಿಯ ತೂರಾಟದಲ್ಲಿ ಕಾಲು ಎಲ್ಲಿದೆ ಎಂಬ ಸುದ್ದಿಯೇ ಮೆದುಳಿಗೆ ಸರಿಯಾಗಿ ತಲುಪದಿರುವುದರಿಂದ ಒಂದು ಹೆಜ್ಜೆ ಅಗಲ, ಮುಂದಿನದು ಕಿರಿದು, ಮೂರನೆಯದು ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಸಂಶಯ ಉಳಿದಾಗ ಕೆಲವು ದಿನ ನೋವುನಿವಾರಕ ಕೊಟ್ಟು ಮತ್ತೆ ನೋಡುವುದು ಸರಿಯಾದ ಮಾರ್ಗ. ನೋವಿನ ಕುಂಟು ಕಡಿಮೆಯಾಗುತ್ತದೆ, ತೂರಾಟ ಹಾಗೆಯೇ ಇರುತ್ತದೆ.

ಮೊದಲು ನೇರವಾಗಿ ನಡೆಸಿ, ಹಿಂದಿನಿಂದಲೂ ಪಕ್ಕದಿಂದಲೂ ನೋಡಿ. ಬಳಿಕ ಹಾವಿನಂತೆ ಅಂಕುಡೊಂಕಾಗಿ, ಆಮೇಲೆ ಗಲ್ಲವನ್ನು ಎತ್ತಿ ಹಿಡಿದು ನಡೆಸಿ. ತಲೆಯೆತ್ತಿದಾಗ ಮುಂಗಾಲುಗಳು ಸೆಟೆದು ಗಾಳಿಯಲ್ಲಿ ತೇಲುವಂತೆ ಬೀಳುವುದು ಕುತ್ತಿಗೆಯ ಭಾಗದ ರೋಗದಲ್ಲಿ ಬಹಳ ಉಪಯುಕ್ತ ಗುರುತು. ನಂತರ ಎರಡೂ ಕಡೆಗೆ ಚಿಕ್ಕ ಸುತ್ತು ತಿರುಗಿಸಬೇಕು. ಹೊರಬದಿಯ ಹಿಂಗಾಲು ಕುಡಗೋಲಿನಂತೆ ಅಗಲಕ್ಕೆ ಬೀಸಿ ಬರುವುದು, ಒಳಬದಿಯ ಗೊರಸು ಎತ್ತದೆ ನೆಲದಲ್ಲಿಯೇ ಹೊರಳುವುದು ಇಲ್ಲಿ ಕಾಣುತ್ತವೆ. ಹಿಂದಕ್ಕೆ ನಡೆಸಿದಾಗ ಕಾಲೆತ್ತಲು ತಡಮಾಡಿ ಮೈಯೆಲ್ಲ ಹಿಂದಕ್ಕೆ ವಾಲುವುದು, ಬಿದಿರಿನ ಗಳುವನ್ನು ನೆಲದಲ್ಲಿಟ್ಟು ದಾಟಿಸಿದಾಗ ಗೊರಸಿನ ತುದಿ ತಾಗುವುದು, ಇಳಿಜಾರಿನಲ್ಲಿ ಮುಂಗಾಲು ಮಡಚುವುದು ಇವನ್ನೂ ಬರೆದುಕೊಳ್ಳಬೇಕು. ಗೊರಸಿನ ಮುಂತುದಿ ಮಾತ್ರ ಸವೆದಿದ್ದರೆ ಕಾಲೆಳೆತ ಹೊಸದಲ್ಲ; ಲಾಳ ಹೊಡೆಯುವ ನಾಲಬಂದರನ್ನು ಕೇಳಿದರೆ ಅದು ಎಂದಿನಿಂದ ಎಂಬುದು ತಿಳಿಯುತ್ತದೆ.

ಬಾಲ ಎಳೆಯುವ ಪರೀಕ್ಷೆಯನ್ನು ಎರಡು ಸಲ ಮಾಡಬೇಕು: ನಿಂತಾಗ ಒಮ್ಮೆ, ನಡೆಯುವಾಗ ಒಮ್ಮೆ. ನಿಂತ ಕುದುರೆಯ ಬಾಲವನ್ನು ಪಕ್ಕಕ್ಕೆ ಎಳೆದಾಗ ಅದು ತೊಡೆಯನ್ನು ಬಿಗಿದು ಎದುರು ನಿಲ್ಲಬೇಕು. ಸುಲಭವಾಗಿ ಬಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರಗಳು ಅಥವಾ ಸ್ನಾಯುಗಳೇ ಸೋತಿವೆ. ನಿಂತಾಗ ಗಟ್ಟಿಯಾಗಿದ್ದು, ನಡೆಯುವಾಗ ಮಾತ್ರ ಪಕ್ಕಕ್ಕೆ ವಾಲಿ ಬಂದರೆ ತೊಂದರೆ ಅದಕ್ಕಿಂತ ಮುಂದೆ, ಬೆನ್ನುಹುರಿಯಲ್ಲಿಯೋ ಮೆದುಳಕಾಂಡದಲ್ಲಿಯೋ ಇದೆ. ಕಣ್ಣುಕಟ್ಟಿ ನಡೆಸುವ ಪರೀಕ್ಷೆ ಸಮತೋಲನದ ರೋಗವನ್ನು ಬಯಲಿಗೆಳೆಯುತ್ತದೆ, ಆದರೆ ಕುದುರೆ ಬೀಳಬಹುದು. ಬಟ್ಟೆ ಥಟ್ಟನೆ ಬಿಚ್ಚಲು ಬರುವಂತಿರಬೇಕು, ಸುತ್ತ ಗೋಡೆ, ಗಾಡಿ ಇರಬಾರದು.

ತೂರಾಟವನ್ನು ಪ್ರತಿ ಕಾಲಿಗೆ ಬೇರೆಯಾಗಿ, ಪಶುವೈದ್ಯ ನರತಜ್ಞ ಮೇಹ್ಯೂ ಅವರ ಹೆಸರಿನಿಂದ ತಿಳಿದಿರುವ ಅಳತೆಯಲ್ಲಿ ಬರೆಯುವುದು ರೂಢಿ. 0 ಎಂದರೆ ಸಹಜ. 1 ಎಂದರೆ ತಲೆಯೆತ್ತಿಸಿ, ಸುತ್ತು ತಿರುಗಿಸಿ ನೋಡಿದಾಗ ಮಾತ್ರ ಕಾಣುವ ದೋಷ. 2 ಎಂದರೆ ನಡೆಯುವಾಗಲೇ ಕಾಣುವಂಥದು. 3 ಎಂದರೆ ಯಾರಿಗೂ ಎದ್ದು ಕಾಣುವಂಥದು, ತಿರುಗಿಸಿದಾಗ ಬೀಳುವಂತಾಗುವುದು. 4 ಎಂದರೆ ಸುಮ್ಮನೆ ನಡೆಯುವಾಗಲೂ ಮುಗ್ಗರಿಸಿ ಬೀಳುವುದು. 5 ಎಂದರೆ ಏಳಲಾರದೆ ಮಲಗಿದ್ದು. 2 ಮತ್ತು ಅದಕ್ಕಿಂತ ಹೆಚ್ಚಿನ ತೂರಾಟವಿರುವ ಕುದುರೆಯ ಮೇಲೆ ಯಾರೂ ಹತ್ತಬಾರದು, ಅದನ್ನು ಗಾಡಿಗೆ ಹೂಡಲೂಬಾರದು. ನನ್ನ ಮಟ್ಟಿಗೆ 1 ಇದ್ದರೂ ಶರ್ಯತ್ತಿನ ಮಾತು ಅಲ್ಲಿಗೇ ಮುಗಿಯಬೇಕು. ಜಾತ್ರೆ ಹತ್ತಿರ ಬಂದಾಗ ಮಾಲೀಕರಿಂದ ಒತ್ತಾಯ ಬರುತ್ತದೆ. ಓಡುವ ಕುದುರೆ ಬಿದ್ದಾಗ ಗಾಡಿಯ ಮೇಲಿದ್ದವರೂ, ರಸ್ತೆಯ ಬದಿಗೆ ನಿಂತ ಜನರೂ ಸಾಯಬಹುದು ಎಂಬುದನ್ನು ಅವರಿಗೆ ಗಟ್ಟಿಯಾಗಿ ಹೇಳಬೇಕು.

ಎಲ್ಲಿ ಎಂಬ ಉತ್ತರ

ಬರೆದುಕೊಂಡದ್ದನ್ನು ಈಗ ಜೋಡಿಸಬೇಕು. ನಡವಳಿಕೆ ಕೆಟ್ಟು, ಕುರುಡುತನ ಬಂದು, ನಡಿಗೆ ಹೆಚ್ಚು ಕೆಟ್ಟಿರದಿದ್ದರೆ ಮುಮ್ಮೆದುಳು. ಮಂಕುತನದ ಜೊತೆ ತಲೆಯ ಹಲವು ನರಗಳೂ ಕಾಲುಗಳೂ ಸೋತಿದ್ದರೆ ಮೆದುಳಕಾಂಡ. ಬಲ ಕುಗ್ಗದೆ, ತಲೆ ನಡುಗುತ್ತಾ, ಕಾಲುಗಳು ಅತಿಯಾಗಿ ಎತ್ತಿ ಬೀಳುತ್ತಿದ್ದರೆ ಕಿರುಮೆದುಳು. ತಲೆ ಪೂರ್ತಿ ಸಹಜವಿದ್ದು ನಾಲ್ಕೂ ಕಾಲು ತೂರಾಡಿದರೆ ಕುತ್ತಿಗೆಯ ಬೆನ್ನುಹುರಿ. ಅಲ್ಲಿ ಹಿಂಗಾಲಿನ ದಾರಿಗಳು ಹುರಿಯ ಹೊರ ಅಂಚಿನಲ್ಲಿರುವುದರಿಂದ ಒತ್ತಡ ಬಿದ್ದಾಗ ಹಿಂಗಾಲುಗಳು ಸಾಮಾನ್ಯವಾಗಿ ಒಂದು ಅಂಕ ಹೆಚ್ಚು ಕೆಟ್ಟಿರುತ್ತವೆ. ಮುಂಗಾಲುಗಳೇ ಹೆಚ್ಚು ಸೋತು ಸ್ನಾಯು ಕರಗಿದ್ದರೆ ಕುತ್ತಿಗೆ ಮತ್ತು ಎದೆ ಸೇರುವ ಭಾಗ. ಮುಂಗಾಲು ಸಹಜ, ಹಿಂಗಾಲು ಮಾತ್ರ ಕೆಟ್ಟಿದ್ದರೆ ಎದೆ ಮತ್ತು ಸೊಂಟದ ಭಾಗ. ಈ ಕೊನೆಯ ತೀರ್ಮಾನದಲ್ಲಿ ಒಂದು ಎಚ್ಚರ ಬೇಕು: ಹಿಂಗಾಲಿನಲ್ಲಿ ತೂರಾಟ 1 ಮಾತ್ರ ಇದ್ದಾಗ ರೋಗ ಕುತ್ತಿಗೆಯಲ್ಲಿದ್ದೂ ಮುಂಗಾಲಿನ ದೋಷ ಕಣ್ಣಿಗೆ ಬೀಳದಷ್ಟು ಚಿಕ್ಕದಿರಬಹುದು. ಎಳೆಯ ಥರೋಬ್ರೆಡ್ ಕುದುರೆಗಳಲ್ಲಿ ಕುತ್ತಿಗೆಯ ಎಲುಬಿನ ನಾಳ ಕಿರಿದಾಗಿ ಬರುವ ವಾಬ್ಲರ್ ರೋಗ ಎಷ್ಟೋ ಸಲ ಹೀಗೆಯೇ ಶುರುವಾಗುತ್ತದೆ.

ಎಲ್ಲಾ ಗುರುತುಗಳನ್ನೂ ಒಂದೇ ಜಾಗಕ್ಕೆ ಹೊಂದಿಸಲು ಆಗದಿದ್ದರೆ ಬಲವಂತವಾಗಿ ಹೊಂದಿಸಬಾರದು. ಮೆದುಳಿನಲ್ಲಿ ಒಂದು, ಬೆನ್ನುಹುರಿಯಲ್ಲಿ ಇನ್ನೊಂದು ಎಂಬಂತೆ ಹಲವು ಕಡೆ ಚದುರಿದ ಗುರುತುಗಳು ಸೋಂಕು ಅಥವಾ ಅಲೆದಾಡುವ ಹುಳುವಿನ ಕಡೆಗೆ ನಮ್ಮನ್ನು ಒಯ್ಯುತ್ತವೆ. ವಿದೇಶಿ ಪುಸ್ತಕಗಳಲ್ಲಿ ಇಂಥಲ್ಲಿ ಮೊದಲು ಬರುವ ಇಪಿಎಂ ಎಂಬ, ಏಕಕೋಶ ಪರೋಪಜೀವಿ ಮೆದುಳು ಮತ್ತು ಬೆನ್ನುಹುರಿಗೆ ತಗುಲುವ ರೋಗ ಅಮೆರಿಕ ಖಂಡಗಳ ಒಪೊಸಮ್ ಪ್ರಾಣಿಯಿಂದ ಹರಡುವಂಥದು; ನಮ್ಮಲ್ಲಿಯೇ ಹುಟ್ಟಿ ಬೆಳೆದ ಕುದುರೆಯಲ್ಲಿ ಅದನ್ನು ಹುಡುಕುವ ಬದಲು ಸರ್ರಾ ಮತ್ತು ಸೆಟೇರಿಯಾಗಳನ್ನು ಹುಡುಕಬೇಕು.

ಮಲಗಿದ ಕುದುರೆ

ಎದ್ದು ನಿಲ್ಲಲಾರದ ಕುದುರೆಯಲ್ಲಿಯೂ ಪರೀಕ್ಷೆ ಸಾಧ್ಯ. ತಲೆಯನ್ನೇ ಎತ್ತಲಾರದಿದ್ದರೆ ತೊಂದರೆ ಮೆದುಳಿನಲ್ಲಿ ಅಥವಾ ಕುತ್ತಿಗೆಯ ಮೇಲ್ಭಾಗದಲ್ಲಿದೆ. ತಲೆ, ಕುತ್ತಿಗೆ ಎತ್ತಿದರೂ ಮುಂಗಾಲು ಊರಲಾರದಿದ್ದರೆ ಕುತ್ತಿಗೆಯ ಕೆಳಭಾಗ. ನಾಯಿಯಂತೆ ಮುಂಗಾಲು ಊರಿ ಕೂತು, ಹಿಂಭಾಗ ಎತ್ತಲಾರದಿದ್ದರೆ ಎದೆಯ ಮುಂಭಾಗಕ್ಕಿಂತ ಹಿಂದೆ. ಗೊರಸಿನ ಮೇಲಿನ ಅಂಚನ್ನು ಚಿಮುಟದಿಂದ ಹಿಡಿದಾಗ ಕಾಲೆಳೆದುಕೊಳ್ಳುವುದು ಸ್ಥಳೀಯ ಪ್ರತಿವರ್ತನೆ ಮಾತ್ರ. ನೋವು ಮೆದುಳಿಗೆ ಮುಟ್ಟಿತು ಎನ್ನಲು ಕುದುರೆ ತಲೆ ತಿರುಗಿಸಬೇಕು, ಕಿವಿ ಹಿಂದಕ್ಕೆ ಒತ್ತಬೇಕು ಅಥವಾ ಮುಖ ಕಿವುಚಬೇಕು. ಈ ನೋವಿನ ಅರಿವು ಪೂರ್ತಿ ಹೋಗಿದ್ದರೆ ಚೇತರಿಕೆಯ ಆಸೆ ಬಹಳ ಕಡಿಮೆ ಎಂದು ಮಾಲೀಕರಿಗೆ ಮರೆಮಾಚದೆ ಹೇಳಬೇಕು.

ಪರೀಕ್ಷೆ ನಡೆಯುವಾಗಲೇ ದಪ್ಪನಾಗಿ ಕಣಿಕೆ ಅಥವಾ ಹುಲ್ಲು ಹಾಸಿಸಿ, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಲು ಜನರನ್ನು ಗೊತ್ತುಮಾಡಬೇಕು. ಒಂದೇ ಬದಿಗೆ ಬಹಳ ಹೊತ್ತು ಮಲಗಿದ ಕುದುರೆಯ ಸ್ನಾಯು, ನರಗಳು ತಮ್ಮದೇ ಭಾರಕ್ಕೆ ಸಾಯುತ್ತವೆ. ಆಗ ಮೊದಲ ರೋಗ ಗುಣವಾದರೂ ಕುದುರೆ ಏಳುವುದಿಲ್ಲ.

ಮುಂದಿನ ಹೆಜ್ಜೆ

ಜ್ವರವಿರುವ ಹೊತ್ತಿನಲ್ಲಿಯೇ ರಕ್ತದ ಲೇಪನ ತೆಗೆದು ಸರ್ರಾದ ಪರೋಪಜೀವಿಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜ್ವರ ಇಳಿದಾಗ ಅದು ರಕ್ತದಲ್ಲಿ ಸಿಗದಿರಬಹುದು, ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಸರ್ರಾ ಖಚಿತವಾದರೆ ಕ್ವಿನಾಪೈರಮಿನ್ ಔಷಧವಿದೆ. ಬೂಷ್ಟಿನ ಕಾಳಿನ ಸಂಶಯವಿದ್ದರೆ ಅದನ್ನು ಆ ಕ್ಷಣವೇ ನಿಲ್ಲಿಸಿ, ಒಂದಿಷ್ಟು ಮಾದರಿಯನ್ನು ಕಾಗದದ ಚೀಲದಲ್ಲಿ ತೆಗೆದಿಡಬೇಕು. ಬೆನ್ನುಹುರಿಯ ದ್ರವ ತೆಗೆಯುವುದು, ಕುತ್ತಿಗೆಯ ಎಕ್ಸ್‌ರೇ ಮುಂತಾದವು ಪಶುವೈದ್ಯ ಕಾಲೇಜಿನ ಮಟ್ಟದ ಕೆಲಸ. ತೂರಾಟ ಹೆಚ್ಚಿರುವ ಕುದುರೆಯನ್ನು ಅಷ್ಟು ದೂರ ಲಾರಿಯಲ್ಲಿ ಸಾಗಿಸುವುದೇ ಒಂದು ಅಪಾಯವಾದ್ದರಿಂದ, ಚಿತ್ರೀಕರಿಸಿದ ನಡಿಗೆಯನ್ನು ಮೊದಲು ಕಳುಹಿಸಿ ಅಲ್ಲಿಯ ವೈದ್ಯರ ಅಭಿಪ್ರಾಯ ಪಡೆಯುವುದು ಮೇಲು. ಊರಿನಿಂದ ಆಸ್ಪತ್ರೆ ದೂರವಿದ್ದವರು 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಬಹುದು.

ರೇಬೀಸ್ ಸಂಶಯದಲ್ಲಿ ಕುದುರೆ ಸತ್ತರೆ ಹೂಳುವ ಮುನ್ನ ಇಲಾಖೆಗೆ ತಿಳಿಸಲೇಬೇಕು. ಮೆದುಳಿನ ಮಾದರಿಯನ್ನು ತರಬೇತಾದವರೇ ತೆಗೆದು ಮಂಜುಗಡ್ಡೆಯಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಫಲಿತಾಂಶ ಬರುವವರೆಗೆ, ಮೊದಲೇ ಬರೆದಿಟ್ಟ ಪಟ್ಟಿಯಲ್ಲಿರುವವರ ಲಸಿಕೆಯನ್ನು ನಿಲ್ಲಿಸಬಾರದು.

ಬದುಕಿರುವ ಕುದುರೆಯನ್ನು ಮರುದಿನ ಅದೇ ಅಂಗಳದಲ್ಲಿ, ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಮತ್ತೆ ಪರೀಕ್ಷಿಸಿ, ನಾಲ್ಕು ಕಾಲಿನ ಅಂಕಗಳನ್ನು ಹಿಂದಿನ ದಿನದ ಅಂಕಗಳ ಪಕ್ಕದಲ್ಲಿ ಬರೆಯಬೇಕು. ಹಿಂಗಾಲು 2 ಇದ್ದದ್ದು 3 ಆಗಿದ್ದರೆ, ಅಥವಾ ನಿನ್ನೆ ನುಂಗುತ್ತಿದ್ದ ಕುದುರೆ ಇಂದು ನುಂಗುತ್ತಿಲ್ಲವಾದರೆ, ಕಾಯುವ ಕಾಲ ಮುಗಿದಿದೆ; ಆ ಹಾಳೆಯ ಮತ್ತು ವಿಡಿಯೋದ ಪ್ರತಿಯನ್ನು ಅಂದೇ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು.